ಸಾಕು ಎನ್ನುವ ಹಕ್ಕು

ನಮ್ಮ ಊರಿಗೆ ಬಸ್ಸು ತುಂಬಿಕೊಂಡು ಬರುವವರೆಲ್ಲ ಬರುವುದು ಒಂದು ಹಾಡಿಗಾಗಿ. ಹಿಂದೆಂದೋ ಬಿರುಗಾಳಿಗೆ ಸಿಕ್ಕಿ ನುಗ್ಗಾದ ಹಡಗೊಂದು ಡೊನೆಗಾಲ್ ಕಡಲತೀರದ ಈ ಕೊಲ್ಲಿಗೆ ಬಂದು ಸೇರಿತಂತೆ. ಅದರಲ್ಲಿ ಬದುಕಿ ಉಳಿದ ನಾವಿಕನೊಬ್ಬ ಮುಂದೆ ದೇವರ ಕರುಣೆಯ ಮೇಲೆ ಹಾಡು ಕಟ್ಟಿದನಂತೆ. ಹಸಿರು ಗುಡ್ಡ, ಬಿಳಿ ಮರಳು, ಜೊತೆಗೊಂದು ಹಾಡು, ಬಂದವರಿಗೆ ಇನ್ನೇನು ಬೇಕು? ದೋಣಿ ಕಟ್ಟುವ ಜೆಟ್ಟಿಯ ಮೇಲೆ ಸಾಲಾಗಿ ನಿಂತು ಕಣ್ಣು ಮುಚ್ಚಿ ಹಾಡುತ್ತಾರೆ. ಆಮೇಲೆ ಚಹಾ ಎಲ್ಲಿ ಸಿಗುತ್ತದೆ ಎಂದು ಕೇಳುತ್ತಾರೆ.

ಚಹಾ ಸಿಗುತ್ತಿದ್ದದ್ದು ನನ್ನ ಪಕ್ಕದ ಮನೆಯ ಡಿಂಪ್ನಾ ಟೋಲಂಡ್ ಹತ್ತಿರ. ಗಂಡ ಕಾಯಿಲೆಯಲ್ಲಿ ತೀರಿಕೊಂಡ ಮೇಲೆ ಜೆಟ್ಟಿಯ ಪಕ್ಕದ ಹಾಲ್‌ನಲ್ಲಿ ಚಹಾ ಕಾಸಿ, ಸ್ಕೋನ್ ಎಂಬ ಬನ್ನು ಬೇಯಿಸಿ ಮಗ ಓರನ್‌ನನ್ನು ಬೆಳೆಸಿದವಳು. ಬಾಯಿ ಜೋರು, ಕೈ ಧಾರಾಳ. ಹಾಡಿ ಮುಗಿಸಿ ಬಂದವರಿಗೆ, "ಗಂಟಲು ಒಣಗಿರುತ್ತೆ, ಕುಡೀರಿ. ದೇವರಿಗೆ ನೀವಂದ್ರೆ ಇಷ್ಟ ಇರಬಹುದು, ಆದ್ರೆ ಆತ ಚಹಾ ಮಾಡಲ್ಲ" ಎನ್ನುತ್ತಿದ್ದಳು.

ಸಮುದ್ರ ಯಾರನ್ನಾದರೂ ಎಳೆದುಕೊಂಡರೆ ನಮ್ಮಲ್ಲಿ ಊರಿಗೆ ಊರೇ ಹುಡುಕಲು ಇಳಿಯುತ್ತದೆ. ದೋಣಿ ಇದ್ದವರು ದೋಣಿ ಬಿಡುತ್ತಾರೆ, ಇಲ್ಲದವರು ಬಂಡೆಬಂಡೆ ಅಲೆಯುತ್ತಾರೆ, ಹೆಂಗಸರು ಹಾಲ್‌ನಲ್ಲಿ ಸೂಪು, ಸ್ಯಾಂಡ್‌ವಿಚ್ ಮಾಡುತ್ತಾರೆ. ಸರ್ಕಾರದವರು ಹೊರಟುಹೋದರೂ ನಮ್ಮವರು ನಿಲ್ಲಿಸುವುದಿಲ್ಲ. ಸಾಕು ಎನ್ನುವ ಹಕ್ಕು ಆ ಮನೆಯವರದೊಂದೇ. ಅವರ ಬದಲು ಪಾದ್ರಿಯೂ ಆ ಮಾತು ಹೇಳುವಂತಿಲ್ಲ. ಇಷ್ಟು ವರ್ಷ ಅಂಥ ಎಲ್ಲ ಹುಡುಕಾಟಕ್ಕೂ ಅನ್ನ ನೀರು ನೋಡಿಕೊಂಡವಳು ಡಿಂಪ್ನಾಳೇ.

ಹೋದ ಶರತ್ಕಾಲದಲ್ಲಿ ಏಡಿ ಹಿಡಿಯಲು ಕಡಲಲ್ಲಿ ಇಳಿಬಿಟ್ಟ ಬುಟ್ಟಿ ಎತ್ತಲು ಹೋದ ಓರನ್ ವಾಪಸು ಬರಲಿಲ್ಲ. ದೋಣಿ ಬಂಡೆಗಳ ನಡುವೆ ಮಗುಚಿಬಿದ್ದಿತ್ತು. ಹೆತ್ತವರಿಗೆ ಹೆಗ್ಗಣ ಮುದ್ದು ಎನ್ನುತ್ತಾರೆ. ಓರನ್ ಊರಿಗೇ ಮುದ್ದು. ಎಲ್ಲರೂ ನೀರಿಗಿಳಿದರು.

ಡಿಂಪ್ನಾ ಆಗಲೂ ಹಾಲ್‌ನಲ್ಲೇ ನಿಂತು ಬ್ರೆಡ್ಡು ಕತ್ತರಿಸಿದಳು.

"ಸ್ವಲ್ಪ ಕೂತ್ಕೊಳ್ಳೇ ಮಾರಾಯ್ತಿ" ಎಂದೆ.

"ಅವನು ಸಿಗಲಿ, ಕೂತ್ಕೋತೀನಿ. ಅವರಪ್ಪನ ಪಕ್ಕ ಮಲಗಿಸ್ಬೇಕು ಕಣೆ ರೋಷೀನ್, ಅಷ್ಟೇ. ನಾನು ಜೀವ ಕೇಳ್ತಿಲ್ಲ. ಈ ನೀರು ಅವನ ಮೈ ಕೊಡಲಿ ಸಾಕು."

ವಾರಗಳು ಹೋದವು. ಗಾಳಿ ತಿರುಗಿತು. ಓರನ್‌ನ ಗೆಳೆಯ ಫಿಂಟನ್‌ನ ದೋಣಿ ಬಂಡೆಗೆ ಬಡಿದು ಅವನ ಎಡಗೈ ಮುರಿಯಿತು. ಮರುದಿನ ಕೈಗೆ ಪಟ್ಟಿ ಕಟ್ಟಿಕೊಂಡೇ ಬಂದ. ಅವನಪ್ಪ ಮಲಕಿ ನನ್ನನ್ನು ಹೊರಗೆ ಕರೆದ.

"ಅವಳಿಗೆ ನೀನು ಹೇಳು ರೋಷೀನ್. ಇನ್ನು ಏನೂ ಸಿಗಲ್ಲ."

"ನೀನೇ ಹೇಳಪ್ಪ."

"ನನ್ನ ಮಗ ಸಂಜೆ ಮನೆಗೆ ಬರ್ತಾನೆ. ಯಾವ ಮುಖ ಇಟ್ಕೊಂಡು ಹೇಳ್ಲಿ?"

ನಾನು ಒಳಗೆ ಹೋಗಿ ಬ್ರೆಡ್ಡಿಗೆ ಬೆಣ್ಣೆ ಹಚ್ಚತೊಡಗಿದೆ. ಡಿಂಪ್ನಾಳಿಗೆ ಕಟ್ಟಳೆ ಗೊತ್ತಿರಲಿಲ್ಲವೆಂದಲ್ಲ. ಹಿಂದೊಮ್ಮೆ ವಿಧವೆಯೊಬ್ಬಳ ಕೈ ಹಿಡಿದು, "ಹೇಳಿಬಿಡಮ್ಮ, ಗಂಡಸರು ಸೋತಿದಾರೆ" ಎಂದವಳು ಅವಳೇ. ತನ್ನ ಹೊಟ್ಟೆಯ ಸಂಕಟಕ್ಕೆ ಆ ಬುದ್ಧಿ ಎಲ್ಲಿಂದ ಬರಬೇಕು?

ಆ ದಿನವೇ ಒಂದು ಬಸ್ಸು ಬಂತು. ಮೇಜಿನ ತುಂಬ ತಿಂಡಿ, ಜೆಟ್ಟಿಯ ತುಂಬ ಜನ. ಇಗರ್ಜಿಯ ಹಬ್ಬವೆಂದುಕೊಂಡರು ಪಾಪ. ಸಾಲಾಗಿ ನಿಂತರು. ಒಬ್ಬ ಹೆಂಗಸು ಹಾಲ್‌ನ ಬಾಗಿಲಿಗೇ ಬಂದು ಡಿಂಪ್ನಾಳನ್ನು ಕರೆದಳು.

"ನಿಮ್ಮೂರ ಹಾಡಲ್ವಾ, ನೀವೂ ಬನ್ನಿ!"

ಡಿಂಪ್ನಾ ಚಾಕು ಹಿಡಿದುಕೊಂಡೇ ಬಾಗಿಲಲ್ಲಿ ನಿಂತು ಹಾಡು ಮುಗಿಯುವವರೆಗೂ ಕೇಳಿದಳು. ಆಮೇಲೆ ಹೇಳಿದಳು:

"ಈ ಹಾಡು ಕಟ್ಟಿದೋನು ಇದ್ನಲ್ಲ, ಮನುಷ್ಯರನ್ನ ಹಡಗಿನಲ್ಲಿ ತುಂಬ್ಕೊಂಡು ಹೋಗಿ ಮಾರ್ತಿದ್ದೋನು ಅವನು. ಅವನನ್ನ ಈ ನೀರು ಜೀವಂತ ವಾಪಸ್ ಕೊಡ್ತು. ನನ್ನ ಓರನ್ ಯಾರಿಗೇನು ಮಾಡಿದ್ದ?"

ಆ ಹೆಂಗಸಿನ ಮುಖ ಸುಣ್ಣವಾಯಿತು. ಬಸ್ಸಿನವರ ಮೇಲೆ ನನಗೆ ಸಿಟ್ಟಿತ್ತು, ಆದರೆ ಅವರ ತಪ್ಪೇನಿದೆ? ಡಿಂಪ್ನಾ ಕೇಳಿದ್ದು ಅವರನ್ನಲ್ಲ. ಮೇಲೆ ಕೂತು ಕೇಳಿಸಿಕೊಳ್ಳಬೇಕಾದವನಿಂದ ಇವತ್ತಿಗೂ ಉತ್ತರ ಬಂದಿಲ್ಲ.

ಅಷ್ಟರಲ್ಲಿ ಫಿಂಟನ್ ಮೆಟ್ಟಿಲಿಳಿದು ಒಂದೇ ಕೈಯಲ್ಲಿ ದೋಣಿಯ ಹಗ್ಗ ಬಿಚ್ಚುತ್ತಿದ್ದ. ಕೊಲ್ಲಿಯ ಬಾಯಲ್ಲಿ ಅಲೆ ಬೆಳ್ಳಗೆ ಎದ್ದಿತ್ತು. ಮೇಲೆ ನಿಂತ ಮಲಕಿ ಮಗನನ್ನು ನೋಡುತ್ತಿದ್ದ. ಹೋಗಬೇಡ ಎನ್ನಲಾರ, ಹೋಗು ಎನ್ನಲಾರ. ಡಿಂಪ್ನಾ ಆ ಮುಖವನ್ನು ನೋಡಿದಳು. ಚಾಕು ಕೆಳಗಿಟ್ಟು ಜೆಟ್ಟಿಯ ಅಂಚಿಗೆ ನಡೆದಳು.

"ಫಿಂಟನ್, ಹಗ್ಗ ಕಟ್ಟು."

"ಇನ್ನೊಂದ್ಸಲ ಹೋಗ್ಬರ್ತೀನಮ್ಮ. ಆ ಬಂಡೆ ಹಿಂದೆ ಸರಿಯಾಗಿ ನೋಡಿಲ್ಲ."

"ನೋಡಿದೀರ. ಎಲ್ಲಾ ಕಡೆ ನೋಡಿದೀರ. ಸಾಕು ಮಗಾ. ಮೇಲೆ ಬಾ."

ಮಲಕಿ ಟೋಪಿ ತೆಗೆದು ಅದರಲ್ಲಿ ಮುಖ ಮುಚ್ಚಿಕೊಂಡು ಅತ್ತ. ಆಚೆ ಇದ್ದ ದೋಣಿಗಳಿಗೆ ಹಾರ್ನ್ ಊದಿ ಕರೆದರು. ಒಂದೊಂದಾಗಿ ಬಂದವು. ಡಿಂಪ್ನಾ ಪ್ರತಿಯೊಬ್ಬನ ಹೆಸರು ಹಿಡಿದು ಕರೆದು, ಕೈಗೆ ಬಿಸಿ ಚಹಾ ಕೊಟ್ಟು, "ದೇವರು ಒಳ್ಳೇದು ಮಾಡ್ಲಿ" ಎಂದಳು. ಬಸ್ಸಿನವರು ದೂರದಲ್ಲಿ ತಲೆ ತಗ್ಗಿಸಿ ನಿಂತಿದ್ದರು.

ಕೊನೆಯವನೂ ಮೆಟ್ಟಿಲು ಹತ್ತಿ ಬಂದ. ಅವಳು ಅವನ ಹಿಂದೆ ಖಾಲಿ ನೀರನ್ನು ನೋಡುತ್ತಲೇ ಇದ್ದಳು. ನಾನು ತೋಳು ಹಿಡಿದು, "ಎಲ್ಲರೂ ಬಂದಾಯ್ತು, ನಡಿ" ಎಂದೆ. ಅವಳು ನಡೆಯಲಿಲ್ಲ. ಅಲ್ಲೇ ಒದ್ದೆ ಕಲ್ಲಿನ ಮೇಲೆ ಕೂತಳು.

"ಅವತ್ತು ಸಮುದ್ರ ಕಿತ್ಕೊಳ್ತು ರೋಷೀನ್" ಎಂದಳು. "ಇವತ್ತು ನಾನೇ ಕೊಟ್ಬಿಟ್ಟೆ ಕಣೆ."