ಹದಿನೇಳನೇ ರೈಫಲ್ಲಿನ ಗ್ರೀಸು

ಶಸ್ತ್ರಾಗಾರದ ಮಿಸ್ತ್ರಿ ಒಳಗೆ ಹೋದ ಮೇಲೆ ಕಾವಲಿನವನು ಹೊರಗಿನಿಂದ ಬೀಗ ಜಡಿಯಬೇಕು, ನಿಯಮ ಅದು. ಬಂದೂಕಿನ ಜತೆ ಮನುಷ್ಯನನ್ನೂ ಕೂಡಿಹಾಕುವ ಈ ಜಾಣತನ ಯಾವ ಪುಣ್ಯಾತ್ಮನದೋ! ಚಹಾಕ್ಕೆ ಒಮ್ಮೆ, ಊಟಕ್ಕೆ ಒಮ್ಮೆ ಬೀಗ ತೆಗೆಯುತ್ತಾರೆ. ಹನ್ನೊಂದು ವರ್ಷದಿಂದ ಮಿಸ್ತ್ರಿ ಸರಳು ಹಾಕಿದ ಒಂದೇ ಕಿಟಕಿಯ ಕೆಳಗೆ, ಸೀಮೆಎಣ್ಣೆಯ ವಾಸನೆ ಕುಡಿಯುತ್ತಾ ರೈಫಲ್ ತಿಕ್ಕಿಕೊಂಡು ಬಂದಿದ್ದಾನೆ.

ಎಲ್ಲವೂ ಕೈಯಲ್ಲಿ ಬೋಲ್ಟ್ ಎಂಬ ಉಕ್ಕಿನ ಅಗುಳಿ ಎಳೆದು ಗುಂಡು ಏರಿಸುವ ಹಳೇ ರೈಫಲ್‌ಗಳು. ಬೆಟ್ಟದ ಮೇಲಿನ ಹಿಮದ ಚೌಕಿಗೆ ಒಮ್ಮೆ ಹೊಸ ಮಾದರಿಯವನ್ನು ಕಳಿಸಿ ನೋಡಿದರು, ವಾರದೊಳಗೆ ಕೈಕೊಟ್ಟವು. ಈ ಮುದುಕರು ಮಾತ್ರ ಕೆಸರಿಗೂ ಸೈ, ಮರಳಿಗೂ ಸೈ. ಹಿಮಕ್ಕೆ ಹೊರಟಾಗ ಒಂದು ಉಪಚಾರ ಬೇಕು: ಬೋಲ್ಟಿನೊಳಗೆ ಎಣ್ಣೆಯ ಪಸೆ ಉಳಿಯಬಾರದು. ಉಳಿದರೆ ಚಳಿಗೆ ಗಟ್ಟಿಯಾಗಿ, ಗುಂಡಿಗೆ ಬಡಿಯಬೇಕಾದ ಸೂಜಿ ಸೋಮಾರಿಯಾಗುತ್ತದೆ. ಮಿಸ್ತ್ರಿ ಪ್ರತಿ ಬೋಲ್ಟನ್ನೂ ಬಿಚ್ಚಿ, ತೊಳೆದು, ಒರೆಸಿ, ಬಿಳಿ ಕಾಗದದ ಮೇಲೆ ಉರುಳಿಸುತ್ತಿದ್ದ. ಕಾಗದಕ್ಕೆ ಕಲೆ ಹತ್ತಿದರೆ ಮತ್ತೆ ಮೊದಲಿಂದ.

ಈ ಶ್ರದ್ಧೆಯೇ ಅವನಿಗೆ ಉರುಳಾಯಿತು. ಹೆಂಡತಿ ಎರಡು ದಿನದ ದಾರಿಯಾಚೆಯ ಊರಲ್ಲಿ ಶಾಲೆಯ ಮೇಡಂ. ಹದಿನಾಲ್ಕರ ಮಗಳು ಗೆಳತಿಯರ ಮುಂದೆ ಅಪ್ಪನನ್ನು 'ಫೋನಪ್ಪ' ಎನ್ನುತ್ತಾಳೆ. ಪ್ರತಿವರ್ಷ ಅವನು ಅಲ್ಲಿಗೆ ವರ್ಗ ಕೇಳುತ್ತಾನೆ, ಪ್ರತಿವರ್ಷ ಸಾಹೇಬರು ನಗುತ್ತಾರೆ.

"ಒಂದೇ ಒಂದು ದೂರಿಲ್ಲ ಕಣಯ್ಯಾ! ನಿನ್ನನ್ನ ಬಿಟ್ಟುಕೊಡೋಕೆ ನನಗೇನು ತಲೆ ಕೆಟ್ಟಿದ್ಯಾ?"

ದೂರು ಹೊತ್ತ ಕೆಲಸಗಳ್ಳರೆಲ್ಲ ಬೇಕಾದ ಊರಿಗೆ ವರ್ಗವಾಗಿ ಹೋಗಿ ಕಾಲು ಚಾಚಿದರು. ಇವನೊಬ್ಬ ಸಿಕ್ಕಿಬಿದ್ದ.

ಈ ಸಲ ಹೆಂಡತಿ ಫೋನಿನಲ್ಲಿ ಜಗಳವಾಡಲಿಲ್ಲ. ಅದೇ ಅವನನ್ನು ಹೆದರಿಸಿತು. "ಇನ್ನು ನಾಲ್ಕು ವರ್ಷಕ್ಕೆ ಅವಳೇ ಓದೋಕೆ ಅಂತ ಹೊರಟುಬಿಡ್ತಾಳೆ. ಆಮೇಲೆ ಬಂದು ಯಾರಿಗೆ ಅಪ್ಪ ಆಗ್ತೀರಿ?" ಎಂದಳು.

ಮರುದಿನ ಚೌಕಿಗೆ ಇಪ್ಪತ್ತು ರೈಫಲ್ ಹೋಗಬೇಕಿತ್ತು. ಹದಿನೇಳನೆಯದರ ಬೋಲ್ಟಿಗೆ ಮಿಸ್ತ್ರಿ ಬೆರಳ ತುಂಬ ಗ್ರೀಸು ಮೆತ್ತಿದ. ಚೌಕಿಯಲ್ಲಿ ಯಾರೂ ಯಾರಿಗೂ ಗುಂಡು ಹೊಡೆಯುವುದಿಲ್ಲ, ತಿಂಗಳಿಗೊಮ್ಮೆ ಪರೀಕ್ಷೆಗೆಂದು ಒಂದು ಗುಂಡು ಹಾರಿಸುತ್ತಾರೆ, ಅಷ್ಟೇ; ಅದು ಹಾರದಿದ್ದರೆ ಒಂದು ದೂರು ಬರುತ್ತದೆ, ತಾನು ಪಾರಾಗುತ್ತೇನೆ ಎಂದು ತನಗೇ ಸಮಾಧಾನ ಹೇಳಿಕೊಂಡ.

ಒಯ್ಯಲು ಬಂದವನು ಮೀಸೆ ಹವಾಲ್ದಾರ. ತೆಗೆದುಕೊಳ್ಳುವವನು ಒಂದೊಂದರ ಬೋಲ್ಟನ್ನೂ ಎಳೆದು, ಒಳಗೆ ಇಣುಕಿ, ಆಮೇಲೆ ಸಹಿ ಹಾಕಬೇಕು. ಹವಾಲ್ದಾರ ಯಾವುದನ್ನೂ ಮುಟ್ಟದೆ ಸಹಿ ಗೀಚಿದ.

"ನೋಡ್ಕೊಳ್ಳಿ ಹವಾಲ್ದಾರ್ರೇ," ಎಂದ ಮಿಸ್ತ್ರಿ.

"ನಿಮ್ಮ ಕೈ ದಾಟಿ ಬಂದಿದ್ದನ್ನ ನೋಡೋದೇನಿದೆ? ಮೇಲೆ ನಮ್ಮ ಹುಡುಗ್ರು ಇವನ್ನ ತಲೆದೆಸೇಲಿ ಇಟ್ಕೊಂಡು ನೆಮ್ಮದಿಯಾಗಿ ಮಲಗ್ತಾರೆ."

ಇಣುಕಿ ನೋಡಿ ಹಿಡಿದುಹಾಕಿದ್ದರೆ ಎಷ್ಟೋ ಚೆನ್ನಾಗಿತ್ತು. ಪೆಟ್ಟಿಗೆಗಳು ಗಾಡಿ ಏರುವಷ್ಟರಲ್ಲಿ ಮಿಸ್ತ್ರಿ ಬಾಗಿಲಿಗೆ ಓಡಿಬಂದ. "ಹದಿನೇಳು ವಾಪಸ್ ಕೊಡಿ. ಒಂದು ಸಣ್ಣ ಕೆಲಸ ಉಳಿದಿದೆ."

ಅದನ್ನು ತೆಗೆದುಕೊಂಡು ಒಳಗೆ ಬಂದ. ಹೊರಗೆ ಬೀಗ ಬಿತ್ತು. ಮೂರು ಸಲ ತೊಳೆದ, ಒರೆಸಿದ, ಕಾಗದದ ಮೇಲೆ ಉರುಳಿಸಿದ. ಕಾಗದ ಬೆಳ್ಳಗೇ ಉಳಿದಾಗ ಅವನಿಗೆ ಅಳು ಬಂತು.

ಎರಡು ತಿಂಗಳ ಮೇಲೆ ಚೌಕಿಯಿಂದ ಚೀಟಿ ಬಂತು: 'ಅಡುಗೆಯವನ ಮೇಲೆ ತೋಳ ಎರಗಿತು. ಹದಿನೇಳನೇ ರೈಫಲ್. ಮೊದಲ ಗುಂಡೇ ಹಾರಿತು. ಅಡುಗೆಯವನು ಕ್ಷೇಮ. ದೂರು ಇಲ್ಲ.' ಸಾಹೇಬರು ಅದನ್ನು ಓದಿ ಅವನ ಬೆನ್ನು ತಟ್ಟಿದರು, ವರ್ಗದ ಅರ್ಜಿಯನ್ನು ಮಡಿಸಿ ಅವನ ಜೇಬಿಗೇ ತುರುಕಿದರು.

ಸಂಜೆ ಫೋನಿನಲ್ಲಿ ಮಗಳಿಗೆ ತೋಳದ ಕಥೆಯನ್ನು ಉಪ್ಪುಖಾರ ಹಚ್ಚಿ ಹೇಳಿದ.

"ತುಂಬಾ ಚೆನ್ನಾಗಿ ರಿಪೇರಿ ಮಾಡಿದ್ದೀಯಪ್ಪ," ಎಂದಳು. "ಹಾಗಾದ್ರೆ ಈ ವರ್ಷಾನೂ ಬರಲ್ಲ, ಅಲ್ವಾ?"