ಸಾವಿನ ಮನೆಗೆ ಮುಯ್ಯಿ ಕಳಿಸಿದ ಏಜೆಂಟು

ಏಳನೇ ಕ್ಲಾಸಿಗೇ ಶಾಲೆ ಬಿಟ್ಟವನ ಕೈಲಿ ಇದನ್ನೆಲ್ಲ ಬರೆಸಬೇಕಾ ಮಾರಾಯ್ರೇ? ನೀವು ಆ್ಯಪಿನವರು ಫೋನೇ ಎತ್ತುವುದಿಲ್ಲ.

ಹಣ ಕಳಿಸುವ ನಿಮ್ಮ ಆ್ಯಪಿಗೆ ಮಗಳು ಎಐ ಏಜೆಂಟ್ ಜೋಡಿಸಿದ್ದಳು. "ಕರೆಂಟ್ ಬಿಲ್ಲು, ಮದ್ವೆ ಮುಯ್ಯಿ ಎಲ್ಲಾ ಅದೇ ಕಳ್ಸುತ್ತೆ ಅಪ್ಪಾಜಿ" ಅಂದಿದ್ದಳು. ಇವತ್ತು ಭದ್ರಾವತಿಯಲ್ಲಿ ತೀರಿಕೊಂಡ ಗೆಳೆಯನ ಶಿವಗಣಾರಾಧನೆಯ ಕಾರ್ಡು ವಾಟ್ಸಾಪಿಗೆ ಬಂತು. ನಾನು ನೋಡುವ ಮೊದಲೇ ಏಜೆಂಟು ಅವನ ಹೆಂಡತಿಗೆ ಐನೂರೊಂದು ರೂಪಾಯಿ ಕಳಿಸಿದೆ. ಜೊತೆಗೆ "ಸಮಾರಂಭಕ್ಕೆ ಹಾರ್ದಿಕ ಶುಭಾಶಯಗಳು!" ಕಾರ್ಡು ಕಂಡರೆ ಮುಯ್ಯಿ ಅಂತ ಕಲಿತಿದೆಯಂತೆ.

ಆಕೆ ಫೋನ್ ಮಾಡಿದರು. "ಏನಣ್ಣಾ, ಅವ್ರು ಹೋಗಿದ್ದಕ್ಕೆ ಮುಯ್ಯಿನಾ?"

"ನಾನಲ್ಲಮ್ಮ, ಏಜೆಂಟು."

"ಸಾವಿಗೂ ಏಜೆಂಟ್ ಇಟ್ಕಂಡ್ರಾ?" ಅಂದು ಇಟ್ಟುಬಿಟ್ಟರು.

ಆ್ಯಪಿನವರೇ, ಶುಕ್ರವಾರ ಶಿವಗಣಾರಾಧನೆ. ನಾನು ಯಾವ ಮುಖ ಹೊತ್ತು ಹೋಗಲಿ? ಇಲ್ಲವೇ ಅದಕ್ಕೂ ಏಜೆಂಟನ್ನೇ ಕಳಿಸಲೋ? ಗುರುವಾರದೊಳಗೆ ಉತ್ತರ ಬೇಕು.