ತಿರುವಿ ಹಾಕಿದ ಸ್ಲೈಡು

ಎಪ್ಪತ್ತರ ದಶಕದ ನಡುವೆ ನಾನು ಬೈಲಹೊಂಗಲದ ಕಾಲೇಜೊಂದರಲ್ಲಿ ಭೌತಶಾಸ್ತ್ರ ಕಲಿಸುತ್ತಿದ್ದೆ. ಅಮೆರಿಕದಲ್ಲಿ ಹೊಸ ಕಣವೊಂದು ಸಿಕ್ಕ ಸುದ್ದಿ ಪತ್ರಿಕೆಯಲ್ಲಿ ಬಂದಿತ್ತು. ಆ ಉಮೇದಿನಲ್ಲಿ ನಮ್ಮ ಪ್ರಿನ್ಸಿಪಾಲರು ಪ್ರತಿದ್ರವ್ಯದ ಬಗ್ಗೆ ಉಪನ್ಯಾಸಕ್ಕೆ ಕರೆಸಿದ್ದು, ಬೇರೆ ಯಾರನ್ನೂ ಅಲ್ಲ, ನನ್ನ ಹಳೆಯ ಪ್ರಾಧ್ಯಾಪಕರನ್ನು.

ಅವರ ಪ್ರಯೋಗಾಲಯದಲ್ಲಿ ಆವಿ ತುಂಬಿದ ಪೆಟ್ಟಿಗೆಯೊಂದಿತ್ತು. ಕಣ ಹಾದುಹೋದರೆ ಅದರೊಳಗೆ ಮಂಜಿನ ಗೆರೆ ಮೂಡುತ್ತಿತ್ತು. ಎಂ.ಎಸ್ಸಿ. ಓದುವಾಗ ಆ ಗೆರೆಗಳ ಸಾವಿರಾರು ಫೋಟೊ ಫಿಲ್ಮುಗಳನ್ನು ಭೂತಗನ್ನಡಿ ಹಿಡಿದು ನೋಡಿದವನು ನಾನು. ಒಂದರಲ್ಲಿ ಪ್ರತಿದ್ರವ್ಯದ ಕಣ, ಪಾಸಿಟ್ರಾನ್ ಸಿಕ್ಕಿತು. ತೂಕ ಎಲೆಕ್ಟ್ರಾನಿನದೇ, ವಿದ್ಯುದಂಶ ಮಾತ್ರ ವಿರುದ್ಧ. ಅವರ ಪ್ರಬಂಧ ಅಚ್ಚಾದಾಗ ಅದರಲ್ಲಿ ನನ್ನ ಹೆಸರಿರಲಿಲ್ಲ. ಕೇಳಿದ್ದಕ್ಕೆ, “ಗೆರಿ ನೋಡೋದು ಕಾರಕೂನನ ಕೆಲಸಪಾ,” ಎಂದಿದ್ದರು. ಆ ಮಾತನ್ನು ಏಳೆಂಟು ವರ್ಷ ಬಿಸಿಯಾಗಿಯೇ ಇಟ್ಟುಕೊಂಡಿದ್ದೆ.

“ಪ್ರೊಜೆಕ್ಟರ್ ನೀನ ನಡಸಪಾ, ನಿನಗ ಕೈ ಕೂತದ,” ಎಂದು ಉಪನ್ಯಾಸದ ದಿನ ಪ್ರಾಧ್ಯಾಪಕರು ನನ್ನ ಕೈಗೆ ಗಾಜಿನ ಸ್ಲೈಡು ಕೊಟ್ಟರು. ಅದೇ ಗೆರೆ.

ತಮ್ಮ ಪೆಟ್ಟಿಗೆಯ ಆಯಸ್ಕಾಂತದಲ್ಲಿ ಪಾಸಿಟ್ರಾನ್ ಬಲಕ್ಕೆ ಬಾಗುತ್ತದೆ, ಎಲೆಕ್ಟ್ರಾನ್ ಎಡಕ್ಕೆ ಎಂದು ಅವರು ಬೋರ್ಡಿನ ಮೇಲೆ ಬರೆದರು. ಅಷ್ಟರಲ್ಲಿ ನಾನು ಸ್ಲೈಡನ್ನು ಹಿಂದುಮುಂದಾಗಿ ತಿರುವಿ ಹಾಕಿದೆ. ಬಲ ಎಡವಾಯಿತು. ತಮ್ಮದೆಂದು ಹೇಳಿಕೊಂಡ ಗೆರೆಯನ್ನು ಅವರು ಒಮ್ಮೆಯಾದರೂ ಕಣ್ಣಿಟ್ಟು ನೋಡಿದ್ದರೆ ತಕ್ಷಣ ತಿಳಿಯಬೇಕಿತ್ತು.

“ನೋಡ್ರಿ, ಇದು ನಾ ಹಿಡಿದ ಪಾಸಿಟ್ರಾನ್!” ಎಂದು ಕೋಲಿನಿಂದ ಪರದೆ ತಟ್ಟಿದರು.

ಸಂಗೊಳ್ಳಿಯಿಂದ ಬರುತ್ತಿದ್ದ ಹುಡುಗಿ ಎದ್ದು ನಿಂತಳು. “ಸರ್, ಬೋರ್ಡ್ ಮ್ಯಾಲೆ ಬಲಕ್ಕ ಬಾಗಿಸೀರಿ. ಇದು ಎಡಕ್ಕ ಹೊಂಟೈತಲ್ರಿ?”

“ಧಾರವಾಡ ಬಸ್ ಬಿಟ್ಟು ಸವದತ್ತಿ ಬಸ್ ಹತ್ತೈತಿ ಬಿಡವಾ!” ಎಂದು ಹಿಂದಿನ ಬೆಂಚಿನಿಂದ ಯಾರೋ ಕೂಗಿದರು. ಕೋಣೆಯೆಲ್ಲ ನಗು.

ಪ್ರಾಧ್ಯಾಪಕರು ನನ್ನತ್ತ ತಿರುಗಿದರು. “ಉಲ್ಟಾ ಹಾಕೀಯೇನೋ?”

ಹೌದೆಂದಿದ್ದರೆ ಗೆರೆ ಉಳಿಯುತ್ತಿತ್ತು, ಅವರೂ ಉಳಿಯುತ್ತಿದ್ದರು.

“ಸರಿ ಐತ್ರಿ, ಸರ್. ಈ ಗೆರಿ ಹುಡುಕಿದಾವ ನಾನ. ಆವತ್ತ ತಪ್ಪು ನೋಡೀನಿ. ಇದು ಬರೇ ಎಲೆಕ್ಟ್ರಾನ್.”

ಅವರ ಕೋಲು ಕೆಳಗಿಳಿಯಿತು. ಪ್ರಿನ್ಸಿಪಾಲರು ಅವಸರದಿಂದ ಚಹಾಕ್ಕೆ ಎಬ್ಬಿಸಿದರು. ಆಮೇಲೆ ಆ ಸ್ಲೈಡನ್ನು ಪ್ರಾಧ್ಯಾಪಕರು ಎಲ್ಲಿಯೂ ತೋರಿಸಲಿಲ್ಲವೆಂದು ಕೇಳಿದೆ. ನಾನು ಹುಡುಕಿದ ಒಂದೇ ಒಂದು ವಸ್ತುವನ್ನು ನಾನೇ ಸುಳ್ಳು ಮಾಡಿದ್ದೆ. ಪಶ್ಚಾತ್ತಾಪವಿಲ್ಲ.

ಸಂಶಯವಿದೆ. ಪ್ರೊಜೆಕ್ಟರಿನ ಮಸೂರ ಚಿತ್ರವನ್ನು ಬುಡಮೇಲು ಮಾಡುವುದರಿಂದ ಸ್ಲೈಡನ್ನು ಹೇಗೂ ತಲೆಕೆಳಗಾಗಿಯೇ ತೂರಿಸಬೇಕು. ಆ ಗಡಿಬಿಡಿಯಲ್ಲಿ ನಾನು ನಿಜವಾಗಿ ತಿರುವಿದೆನೇ? ತಿರುವಿರದಿದ್ದರೆ ಅದು ಮೊದಲಿನಿಂದಲೂ ಎಲೆಕ್ಟ್ರಾನೇ. ಭೂತಗನ್ನಡಿಯಡಿ ಫಿಲ್ಮನ್ನು ಮಗುಚಿ ನೋಡಿ ಮೋಸಹೋದವನು ನಾನು, ನನ್ನ ತಪ್ಪನ್ನು ಕದ್ದು ತನ್ನ ಹೆಸರಿನಲ್ಲಿ ಅಚ್ಚು ಹಾಕಿಸಿಕೊಂಡವನು ಅವನು. ಹಾಗೆಯೇ ಆಗಿರಲಿ ಎಂದು ಮನಸಾರೆ ಬಯಸುತ್ತೇನೆ.